ಮಾರಿದ ಗಾಡಿಯ ದಂಡ ಮಾರಿದವರ ತಲೆಗೆ

ಸಂಚಾರ ದಂಡದ ಬಾಕಿಗೆ ಶೇ 50ರ ರಿಯಾಯಿತಿ ಮತ್ತೆ ಮತ್ತೆ ಬರುತ್ತಿದೆ. 2023ರ ಫೆಬ್ರುವರಿಯಲ್ಲಿ ಬಂತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಒಮ್ಮೆ, ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಇನ್ನೊಮ್ಮೆ ಬಂತು. ರಿಯಾಯಿತಿಯಿಂದ ಶಿಸ್ತು ಹಾಳಾಗುತ್ತದೆ ಎಂದು ಕೆಲವರು, ಹಾಗಾದರೂ ಬಾಕಿ ವಸೂಲಾಗುತ್ತದಲ್ಲ ಎಂದು ಕೆಲವರು ಬರೆದರು. ದಂಡ ಕಟ್ಟುತ್ತಿರುವವರು ತಪ್ಪು ಮಾಡಿದವರೇ ಹೌದೋ ಅಲ್ಲವೋ ಎಂದು ಇಬ್ಬರೂ ಕೇಳಲಿಲ್ಲ. ಗಾಡಿ ಮಾರಿ ವರ್ಷಗಳಾದ ಮೇಲೂ ನೋಟಿಸ್ ಪಡೆಯುವವರು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅವರಿಗೆ ಬೇಕಿರುವುದು ಅರ್ಧ ದಂಡವಲ್ಲ, ಮಾರಿದ ದಿನದಿಂದ ಪೂರ್ತಿ ಬಿಡುಗಡೆ. ಅದನ್ನು ಕೊಡುವ ದಾರಿ ಇದ್ದೂ ಸರ್ಕಾರ ಕೊಡುತ್ತಿಲ್ಲ.

ಹೆಸರು ವರ್ಗಾವಣೆಯ ಮಾತು ಬಂದಾಗಲೆಲ್ಲ ಚರ್ಚೆ ಶುಲ್ಕ, ಏಜೆಂಟರು, ಆರ್‌ಟಿಒ ಕಚೇರಿಯ ಸರದಿ ಇವುಗಳ ಸುತ್ತಲೇ ತಿರುಗುತ್ತದೆ. ಶುಲ್ಕ ದೊಡ್ಡದೇನಲ್ಲ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ದ್ವಿಚಕ್ರ ವಾಹನಕ್ಕೆ 150 ರೂಪಾಯಿ, ಕಾರಿಗೆ 300 ರೂಪಾಯಿ. ಸ್ಮಾರ್ಟ್ ಕಾರ್ಡಿನದು ಬೇರೆ. ಸಾಲ ತೀರಿದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಬೇಕು. ಏಜೆಂಟರ ಕೈಗೆ ಕೊಟ್ಟರೆ ಖರ್ಚು ಹಲವು ಪಟ್ಟು ಏರುತ್ತದೆ, ನಿಜ. ಆದರೆ ಎಲ್ಲರೂ ದಾಟಿ ಹೋಗುವ ಅಂಕಿ ಬೇರೊಂದಿದೆ. ಅದು 14.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ತೆರೆದು ನೋಡಿ. ಕೊಂಡವರು ಅರ್ಜಿ ಕೊಡಲು 30 ದಿನವಿದೆ. ಅದಕ್ಕೂ ಮೊದಲಿನ ಕರ್ತವ್ಯ ಮಾರಿದವರದು. ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಫಾರಂ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಅದರ ಪ್ರತಿಯನ್ನು ಕೊಂಡವರಿಗೂ ಕಳಿಸಬೇಕು. ಹೆಸರು ಬದಲಾಯಿಸಿಕೊಳ್ಳುವುದು ಕೊಂಡವರ ತಲೆನೋವು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕಾನೂನು ಹಾಗೆ ಹೇಳುವುದೇ ಇಲ್ಲ.

ಹೊಸ ತಿಪ್ಪಸಂದ್ರದಲ್ಲಿ ಒಂದು ಸ್ಕೂಟರ್ ಕೈ ಬದಲಾಗುವ ರೀತಿ ನೋಡಿದರೆ ಈ ಫಾರಂ 29ರ ಗತಿ ಏನಾಗಿದೆ ಎಂದು ತಿಳಿಯುತ್ತದೆ. ಮಾರುವವರು ಎಚ್‌ಎಎಲ್‌ನಲ್ಲೋ ಬಿಇಎಂಎಲ್‌ನಲ್ಲೋ ದುಡಿದು ನಿವೃತ್ತರಾದವರು. ಕೊಳ್ಳುವವನು ಊಟದ ಪಾರ್ಸಲ್ ತಲುಪಿಸುವ ಹುಡುಗ. ಪಿ.ಜಿ.ಯಲ್ಲಿ ಹಾಸಿಗೆ ಲೆಕ್ಕದ ಬಾಡಿಗೆ ಕಟ್ಟುವವನ ಹತ್ತಿರ ವಿಳಾಸದ ಪುರಾವೆಗೆ ಕರಾರು ಪತ್ರ ಎಲ್ಲಿಂದ ಬರಬೇಕು? ನಡುವೆ ಒಬ್ಬ ಬ್ರೋಕರ್. ಮಾರ್ಕೆಟ್ ರಸ್ತೆಯ ಜೆರಾಕ್ಸ್ ಅಂಗಡಿಯಿಂದ ಫಾರಂಗಳ ಸೆಟ್ ಬರುತ್ತದೆ. ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲ್ ಗುರುತು. "ಹೆಸರು, ತಾರೀಕು ಖಾಲಿ ಬಿಡಿ ಸಾರ್, ಆಮೇಲೆ ನಾವು ತುಂಬಿಸ್ಕೋತೀವಿ." ಕೊನೆಗೆ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿದ ಡೆಲಿವರಿ ನೋಟ್. ಇಂಥ ದಿನ, ಇಷ್ಟು ಗಂಟೆಯಿಂದ ಪೊಲೀಸ್, ಆರ್‌ಟಿಒ, ಅಪಘಾತ ಎಲ್ಲಕ್ಕೂ ಕೊಂಡವರೇ ಹೊಣೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಕಾಗದವನ್ನು ಬೀರುವಿನಲ್ಲಿಟ್ಟು ಮಾರಿದವರು ನೆಮ್ಮದಿಯಾಗಿ ಮಲಗುತ್ತಾರೆ.

ಆ ನೆಮ್ಮದಿಗೆ ಆಧಾರವಿಲ್ಲ. ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ಗಾಡಿ ಮಾರುವ ಪ್ರತಿಯೊಬ್ಬರೂ ಓದಬೇಕು. 2007ರ ಜುಲೈನಲ್ಲಿ ಮಾರಿದ ಕಾರು ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇತ್ತು, ದಾಖಲೆಯಲ್ಲಿ ಮೊದಲಿನವರ ಹೆಸರು ಹಾಗೇ ಉಳಿದಿತ್ತು. 2009ರ ಮೇನಲ್ಲಿ ಹಿಮ್ಮುಖವಾಗಿ ಚಲಿಸಿದ ಆ ಕಾರಿನಡಿ ಸಿಕ್ಕಿ ಒಬ್ಬ ಹುಡುಗ ಸತ್ತ. ಕಾರಿಗೆ ವಿಮೆ ಇರಲಿಲ್ಲ. ಕಾರು ಕೈಬಿಟ್ಟು ಎರಡು ವರ್ಷ ಸಮೀಪಿಸಿದ್ದರೂ ಪರಿಹಾರದ ಹೊಣೆ ಮೊದಲ ಮಾಲೀಕರ ಮೇಲೆಯೇ ಬಿತ್ತು. ನ್ಯಾಯಾಲಯದ ತರ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಕಾಯ್ದೆಯ 2(30)ನೇ ಸೆಕ್ಷನ್ ಪ್ರಕಾರ ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಮಗನನ್ನು ಕಳೆದುಕೊಂಡವರು ಗಾಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಊರೂರು ಹುಡುಕಿಕೊಂಡು ಅಲೆಯಬೇಕೇ?

2019ರ ತಿದ್ದುಪಡಿ ಈ ಭಾರವನ್ನು ಇನ್ನಷ್ಟು ಹೆಚ್ಚಿಸಿತು. ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಅಪರಾಧವಾದರೆ 199ಎ ಸೆಕ್ಷನ್ ಪಾಲಕರನ್ನೋ ಮಾಲೀಕರನ್ನೋ ಅಪರಾಧಿ ಎಂದೇ ಭಾವಿಸುತ್ತದೆ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ತನಗೆ ಗೊತ್ತಿಲ್ಲದೆ ನಡೆಯಿತು ಎಂದು ಸಾಬೀತು ಮಾಡುವ ಹೊರೆ ಮಾಲೀಕರದು. ಪೊಲೀಸ್ ತನಿಖೆಯೂ ದಾಖಲೆಯ ಹೆಸರಿನಿಂದಲೇ ಶುರುವಾಗುತ್ತದೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರಿನ ಜಾಡು ಹಿಡಿದ ಪೊಲೀಸರು ಮೊದಲು ತಲುಪಿದ್ದು ದಾಖಲೆಯಲ್ಲಿದ್ದ ಗುರುಗ್ರಾಮದ ಮಾಲೀಕರನ್ನು. ಅವರು ಅದನ್ನು ಯಾವಾಗಲೋ ಮಾರಿದ್ದರು.

ಇಷ್ಟೆಲ್ಲ ಅಪಾಯವಿದ್ದರೂ 150 ರೂಪಾಯಿಯ ಕೆಲಸ ಯಾಕೆ ಆಗುವುದಿಲ್ಲ? ಸೋಮಾರಿತನ ಎಂದು ಬೈಯುವುದು ಸುಲಭ. ಮೂಲ ಕಾರಣ ಲಾಭ. ಆರ್‌ಸಿಯಲ್ಲಿ ಎಷ್ಟನೇ ಮಾಲೀಕರು ಎಂಬ ಸಂಖ್ಯೆ ಇರುತ್ತದೆ. 'ಫಸ್ಟ್ ಓನರ್' ಗಾಡಿಗೆ ಒಂದು ಬೆಲೆ, 'ಥರ್ಡ್ ಓನರ್' ಗಾಡಿಗೆ ಇನ್ನೊಂದು. ಬ್ರೋಕರ್ ತನ್ನ ಹೆಸರಿಗೆ ಮಾಡಿಸಿಕೊಂಡರೆ ಆ ಸಂಖ್ಯೆ ಏರಿ ಬೆಲೆ ಇಳಿಯುತ್ತದೆ. ಆದ್ದರಿಂದಲೇ ಖಾಲಿ ಫಾರಂಗೆ ಸಹಿ ಹಾಕಿಸಿಕೊಳ್ಳುವ ಈ 'ಓಪನ್ ಪೇಪರ್' ವ್ಯವಹಾರ. ಈ ನಷ್ಟದ ಮುಂದೆ ಸರ್ಕಾರಿ ಶುಲ್ಕ ಯಾವ ಲೆಕ್ಕಕ್ಕೂ ಇಲ್ಲ. ಅದನ್ನು ಇಳಿಸಿದರೂ ಏರಿಸಿದರೂ ಏನೂ ಬದಲಾಗದು.

ಕೇಂದ್ರಕ್ಕೆ ಇದು ಗೊತ್ತಿತ್ತು. 2022ರ ಡಿಸೆಂಬರ್ 22ರಂದು ಹೊರಡಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳು ಹಳೆ ವಾಹನಗಳ ವ್ಯಾಪಾರಿಗಳಿಗೆ ಅಧಿಕೃತ ಮಾನ್ಯತೆ ಕಡ್ಡಾಯ ಮಾಡಿದವು. ಅಂಥ ವ್ಯಾಪಾರಿಗೆ ಗಾಡಿ ಒಪ್ಪಿಸಿ ಫಾರಂ 29ಸಿಯಲ್ಲಿ ತಿಳಿಸಿದರೆ ಸಾಕು, ಅವರೇ ಮಾಲೀಕರೆಂದು ಪರಿಗಣಿತರಾಗುತ್ತಾರೆ. ಈ ಚರ್ಚೆಯಲ್ಲಿ ಯಾರೂ ಎತ್ತದ ಪೂರ್ವನಿದರ್ಶನ ಇದೇ. ಒಂದು ತಿಳಿವಳಿಕೆ ಪತ್ರದಿಂದ ಹೊಣೆ ವರ್ಗಾಯಿಸಬಹುದು ಎಂದು ಸರ್ಕಾರವೇ ಒಪ್ಪಿದೆ. ದೊಡ್ಡ ವ್ಯಾಪಾರಿಗೆ ಮಾರಿದವರಿಗೆ ಸಿಕ್ಕ ಈ ರಕ್ಷಣೆ ಪಕ್ಕದ ಬೀದಿಯ ಹುಡುಗನಿಗೆ ಸ್ಕೂಟರ್ ಮಾರಿದವರಿಗೆ ಯಾಕಿಲ್ಲ? ಅವರು ಫಾರಂ 29 ಒಪ್ಪಿಸಿದರೆ ಹೆಚ್ಚೆಂದರೆ ಸ್ವೀಕೃತಿಯ ಮೊಹರು ಸಿಗುತ್ತದೆ. ಕೊಂಡವರು ಅರ್ಜಿ ಹಾಕುವವರೆಗೆ ದಾಖಲೆಯಲ್ಲಿ ಹೆಸರು ಕದಲುವುದಿಲ್ಲ.

ಬೇರೆಡೆ ಇದು ಎಂದೋ ಬಗೆಹರಿದ ವಿಷಯ. ಬ್ರಿಟನ್ನಿನಲ್ಲಿ ಮಾರಿದವರೇ ಆನ್‌ಲೈನ್‌ನಲ್ಲಿ ತಿಳಿಸಿ ದೃಢೀಕರಣ ಪಡೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಐದು ದಿನದೊಳಗೆ ತಿಳಿಸಿದರೆ ಮುಂದಿನ ಹೊಣೆಯಿಂದ ಪಾರಾಗಬಹುದು.

ದಂಡ ತಪ್ಪಿಸಿಕೊಳ್ಳಲು ಜನ ಸುಳ್ಳು ಮಾರಾಟ ತೋರಿಸುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಕೊಂಡವರ ಮೊಬೈಲಿಗೆ ಒಟಿಪಿ ಹೋಗಿ ಅವರು ಒಪ್ಪಿದ ಮೇಲಷ್ಟೇ ತಿಳಿವಳಿಕೆ ದಾಖಲಾಗಲಿ. ಮಾರಾಟಕ್ಕೆ ಹಿಂದಿನ ದಂಡವೆಲ್ಲ ಮಾರಿದವರದೇ ಆಗಿರಲಿ. ವಿಳಾಸದ ಪುರಾವೆ ಇಲ್ಲದ ಹುಡುಗನಿಗೂ ಆಧಾರ್ ಮತ್ತು ಮೊಬೈಲ್ ಇದ್ದೇ ಇರುತ್ತದೆ. ಆರ್‌ಸಿ ಆಮೇಲೆ ಬರಲಿ, ಹೊಣೆ ಅಂದೇ ಅವನ ಹೆಸರಿಗೆ ಹೋಗಲಿ. ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ ಹಾಕಿಸಿ ಆರ್‌ಸಿ ವಿಳಾಸಕ್ಕೆ ನೋಟಿಸ್ ಕಳಿಸಲು ಬರುವ ಆಡಳಿತಕ್ಕೆ ಇದು ಕಷ್ಟವೇ?

ಮಾಲೀಕರು ಯಾರೆಂಬ ಕಾಯ್ದೆಯ ವ್ಯಾಖ್ಯೆಯನ್ನು ಬದಲಿಸುವ ಅಧಿಕಾರ ಸಂಸತ್ತಿನದು, ಒಪ್ಪೋಣ. ಆದರೆ ಸಂಚಾರ ನೋಟಿಸ್ ರಾಜ್ಯದ ಕೈಯಲ್ಲಿದೆ. ದಂಡದಲ್ಲಿ ಅರ್ಧ ಬಿಡಲು ಸರ್ಕಾರಕ್ಕೆ ಒಂದು ಆದೇಶ ಸಾಕಾಯಿತು. ಫಾರಂ 29 ಸ್ವೀಕೃತವಾದ ದಿನಾಂಕದ ನಂತರದ ನೋಟಿಸ್‌ಗಳನ್ನು ಮಾರಿದವರ ಹೆಸರಿನಿಂದ ತೆಗೆದು, ಅದರಲ್ಲಿ ನಮೂದಾದ ಕೊಂಡವರಿಗೆ ಕಳಿಸಬೇಕೆಂಬ ಇನ್ನೊಂದು ಆದೇಶವನ್ನು ಗೃಹ ಮತ್ತು ಸಾರಿಗೆ ಇಲಾಖೆಗಳು ಮುಂದಿನ ರಿಯಾಯಿತಿ ಘೋಷಿಸುವ ಮೊದಲು ಹೊರಡಿಸಬೇಕು. ಅಲ್ಲಿಯವರೆಗೆ ಮಾರುವವರು ಖಾಲಿ ಫಾರಂಗೆ ಸಹಿ ಹಾಕದಿರಲಿ, ಕೊಂಡವರ ಹೆಸರು, ವಿಳಾಸ, ತಾರೀಕು ತಾವೇ ತುಂಬಿ ಒಪ್ಪಿಸಿ, ಮೊಹರು ಬಿದ್ದ ಪ್ರತಿಯನ್ನು ಡೆಲಿವರಿ ನೋಟ್ ಜೊತೆಗೇ ಇಟ್ಟುಕೊಳ್ಳಲಿ.