ಲಟಕ್ ಅಂದರೆ ವಾಸಿಯಾಯ್ತಾ?

ನಮ್ಮಕ್ಕ ತಿಪಟೂರಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಒಂದೂವರೆ ತಿಂಗಳಾಯಿತು. ಬಾಡಿಗೆ, ಅಡ್ವಾನ್ಸ್, ಟ್ರ್ಯಾಕ್ಷನ್ ಮಂಚ, ಅಲ್ಟ್ರಾಸೌಂಡ್ ಯಂತ್ರ ಇದ್ಯಾವುದಕ್ಕೂ ಮನೆಯಲ್ಲಿ ಜಗಳ ಆಗಲಿಲ್ಲ. ಆಗಿದ್ದು ಬೋರ್ಡಿನ ವಿಷಯಕ್ಕೆ.

ಫ್ಲೆಕ್ಸ್ ಅಂಗಡಿಯವರು ಡಿಸೈನ್ ತೋರಿಸುತ್ತಾ, ‘ಮೇಡಂ, ಫಿಸಿಯೋ ಅಂದ್ರೆ ಯಾರೂ ತಿರುಗಿ ನೋಡಲ್ಲ. ಕೈರೋಪ್ರಾಕ್ಟಿಕ್ ಅಂತ ದೊಡ್ಡದಾಗಿ ಹಾಕ್ಸಿ, ಈಗ ಅದೇ ಓಡ್ತಿರೋದು’ ಎಂದರು. ಅಪ್ಪನಿಗೆ ಬ್ಯಾಂಕ್ ಸಾಲದ ಕಂತು ನೆನಪಾಯಿತೇನೋ, ‘ಹಾಕ್ಸಮ್ಮ, ಏನೀಗ’ ಅಂದುಬಿಟ್ಟರು. ನಾನಂತೂ ರೀಲ್ಸ್‌ಗೇ ತಯಾರಾಗಿದ್ದೆ. ರೋಗಿಯ ಕತ್ತು ತಿರುಗಿಸುವಾಗ ಲಟಕ್ ಎನ್ನುವ ಶಬ್ದ ಚೆನ್ನಾಗಿ ಕೇಳಲಿ ಎಂದು ಮೈಕ್ ಕೂಡ ನೋಡಿಟ್ಟಿದ್ದೆ. ಅಕ್ಕ ಒಪ್ಪಲಿಲ್ಲ. ‘ನಾನು ಓದಿದ್ದು ಬಿಪಿಟಿ ಕಣೋ. ಓದದೇ ಇರೋದನ್ನ ಬೋರ್ಡ್ ಮೇಲೆ ಹೇಗೆ ಬರೆಸಲಿ?’

ಆಗ ಅದು ಬರೀ ಹಟ ಅನ್ನಿಸಿತ್ತು. ಆಮೇಲೆ ಕುಳಿತು ಓದಿದೆ.

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಕಿವಿ ಕೇಳದ ಒಬ್ಬರ ಬೆನ್ನೆಲುಬು ಒತ್ತಿ ಕಿವಿ ಕೇಳುವಂತೆ ಮಾಡಿದೆ ಎಂದು ಡೇನಿಯಲ್ ಡೇವಿಡ್ ಪಾಮರ್ ಹೇಳಿಕೊಂಡದ್ದೇ ಅದರ ಮೊದಲ ಕಥೆ. ಇವತ್ತು ಅಲ್ಲಿ ಅದಕ್ಕೆ ಕಾಲೇಜು, ಪರೀಕ್ಷೆ, ಲೈಸೆನ್ಸ್ ಎಲ್ಲ ಇವೆ. ನಮ್ಮಲ್ಲಿ ಅದಕ್ಕೆ ಅಂತಲೇ ಒಂದು ಮಂಡಳಿಯೂ ಇಲ್ಲ. ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದು ಇಲ್ಲಿ ಕ್ಲಿನಿಕ್ ಇಟ್ಟವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾಲ್ಕು ದಿನದ ತರಬೇತಿ ಪಡೆದವರೂ ಅದೇ ಬೋರ್ಡ್ ಹಾಕಿಕೊಂಡರೆ, ಒಳಗೆ ಮಲಗುವವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಇನ್ನು ಆ ಶಬ್ದ. ಎಲ್ಲರೂ ಅಂದುಕೊಳ್ಳುವಂತೆ ಅದು ಜರುಗಿದ ಮೂಳೆ ಜಾಗಕ್ಕೆ ಕೂರುವ ಸದ್ದಲ್ಲ. ಕೀಲು ಹಿಗ್ಗಿದಾಗ ಒಳಗಿನ ದ್ರವದ ಒತ್ತಡ ತಟ್ಟನೆ ಇಳಿದು ಅನಿಲದ ಗುಳ್ಳೆಯಿಂದ ಬರುವ ಸದ್ದು. ಬೆರಳಿನ ನೆಟಿಗೆ ತೆಗೆದಾಗ ಬರುವುದೂ ಅದೇ. ನಾನು ಓದುತ್ತಿರುವುದು ಮೆಕ್ಯಾನಿಕಲ್. ನಮ್ಮಲ್ಲಿ ಬೇರಿಂಗ್ ಶಬ್ದ ಮಾಡಿದರೆ ಕೆಟ್ಟಿತು ಅಂತ ಅರ್ಥ, ಇಲ್ಲಿ ಶಬ್ದ ಬಂದರೆ ಸರಿಹೋಯಿತು ಅಂತಾರೆ! ಅಕ್ಕನಿಗೂ ಕೀಲು ಸಡಿಲಿಸುವ ವಿದ್ಯೆ ಗೊತ್ತು. ಬೇಕಾದವರಿಗೆ, ಪರೀಕ್ಷೆ ಮಾಡಿದ ಮೇಲೆ ಮಾಡುತ್ತಾಳೆ. ಕತ್ತಿನ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲೇ ಹಾದುಹೋಗುತ್ತವೆ. ರಭಸವಾಗಿ ತಿರುಗಿಸಿದಾಗ ಅವು ಸೀಳಿ ಪಾರ್ಶ್ವವಾಯು ಆಗುವುದು ಅಪರೂಪವೇ ಇರಬಹುದು, ಆದರೆ ಆದವರಿಗೆ ಅಪರೂಪ ಎಂಬ ಸಮಾಧಾನ ಸಾಲುವುದಿಲ್ಲ.

ಮೊದಲ ವಾರವೇ ಒಬ್ಬರು ಬಂದು, ‘ಮೊಬೈಲ್‌ನಲ್ಲಿ ತೋರಿಸ್ತಾರಲ್ಲ, ಹಂಗೆ ಲಟಕ್ ಅನ್ಸಮ್ಮ’ ಎಂದರು. ಅಕ್ಕ ವ್ಯಾಯಾಮ ಹೇಳಿಕೊಟ್ಟಳು. ‘ಇದಕ್ಕಿಂತ ಕಟಿಂಗ್ ಶಾಪೇ ವಾಸಿ’ ಎಂದು ಹೋದವರು ಮತ್ತೆ ಬರಲಿಲ್ಲ. ಕಾಯಿ ಸುಲಿಯುವ ಒಬ್ಬರು ಮಾತ್ರ ಬರುತ್ತಿದ್ದಾರೆ. ದಿನವಿಡೀ ಕಬ್ಬಿಣದ ಗೂಟದ ಮುಂದೆ ಬಗ್ಗಿ ಏಳುವ ಸೊಂಟ ಅದು. ಅವರಿಗೆ ಅಕ್ಕ ಮೊದಲು ಕೊಟ್ಟ ಚಿಕಿತ್ಸೆ, ಗೂಟದ ಎತ್ತರ ಸ್ವಲ್ಪ ಹೆಚ್ಚಿಸಿಕೊಳ್ಳಿ ಅನ್ನುವುದು. ಇದನ್ನು ರೀಲ್ಸ್ ಮಾಡಿದರೆ ಯಾರು ನೋಡುತ್ತಾರೆ ಹೇಳಿ.

ಕರ್ನಾಟಕದಲ್ಲಿ ಇಂಥ ಕ್ಲಿನಿಕ್‌ಗಳೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಅಕ್ಕ ಅದಕ್ಕಾಗಿ ಎಷ್ಟು ಸಲ ಕಚೇರಿಗೆ ಅಲೆದಳೋ ನಾನೇ ಬೈಕಿನಲ್ಲಿ ಕರೆದೊಯ್ದಿದ್ದೇನೆ. ಅಷ್ಟೆಲ್ಲ ಕಾಗದ ಕೇಳುವವರು ಊರಿನ ಬೋರ್ಡುಗಳನ್ನೂ ಒಮ್ಮೆ ತಲೆಯೆತ್ತಿ ನೋಡಬೇಕು, ಬೋರ್ಡಿನಲ್ಲಿ ಹೆಸರಿನ ಜೊತೆ ಓದಿದ ಪದವಿ ಕಾಣುವಂತೆ ಮಾಡಬೇಕು. ಹಾಗಂತ ಅಧಿಕಾರಿಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಹಾಸ್ಟೆಲ್‌ನಲ್ಲಿ ರಾತ್ರಿ ಒಂದರವರೆಗೆ ಲಟಕ್ ವಿಡಿಯೊ ನೋಡಿ ಲೈಕ್ ಒತ್ತಿ, ಲ್ಯಾಪ್‌ಟಾಪ್ ಮುಂದೆ ಕೂತು ಹಿಡಿದ ಕತ್ತನ್ನು ರೂಮ್‌ಮೇಟ್ ಕೈಗೆ ಕೊಡುವವರು ನಾವೇ. ನಾನೂ ಕೊಟ್ಟಿದ್ದೇನೆ.

ಕೊನೆಗೆ ಬೋರ್ಡಿನಲ್ಲಿ ಅಕ್ಕನ ಹೆಸರು, ಬಿಪಿಟಿ, ಸಮಯ ಇಷ್ಟೇ ಬಂತು. ಒಳಗೆ ಗೋಡೆಗೆ ಹಾಕಿರುವ ದರಪಟ್ಟಿ ಟೈಪ್ ಮಾಡಿದ್ದು ನಾನು. ಅಪ್ಪ ದಿನಾ ಸಂಜೆ, ‘ಇವತ್ತು ಎಷ್ಟು ಜನ ಬಂದಿದ್ರಮ್ಮ?’ ಎಂದು ಕೇಳುತ್ತಾರೆ. ನಿನ್ನೆ ಏಳು.