ಮೊಬೈಲಿನ ಲೆಕ್ಕ, ಮಗಳ ಊಟ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಅವಳ ತಾಯಿ ನನ್ನ ಬಳಿ ಕರೆತಂದಿದ್ದರು. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಾಗ ತಲೆಸುತ್ತಿ ಬಿದ್ದಿದ್ದಳಂತೆ. “ಹದಿನೈದು ದಿನದಿಂದ ತಿಂಡಿ ಮುಟ್ಟಿಲ್ಲ ಡಾಕ್ಟ್ರೇ. ರಾತ್ರಿ ಅರ್ಧ ಚಪಾತಿ ತಿಂದು ಎದ್ದುಬಿಡ್ತಾಳೆ” ಎಂದರು ತಾಯಿ. ಹುಡುಗಿ ತಲೆ ತಗ್ಗಿಸಿ, “ತೂಕ ಇಳಿಯೋಕೆ ದಿನಕ್ಕೆ 1200 ಕ್ಯಾಲೊರಿ ಸಾಕು ಅಂತ ಮೊಬೈಲಿನಲ್ಲಿ ಬಂತು” ಎಂದಳು.

ಇಳಿಸಬೇಕಾದ ತೂಕ ಅವಳಲ್ಲಿ ಇತ್ತೇ? ನೋಡೋಣ. ತೂಕ 45 ಕಿಲೋ, ಎತ್ತರ 150 ಸೆಂಟಿಮೀಟರ್, ಎಂದರೆ ಒಂದೂವರೆ ಮೀಟರ್. ಕಿಲೋಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ. 1.5ರ ವರ್ಗ 2.25. ಅದರಿಂದ 45ನ್ನು ಭಾಗಿಸಿದರೆ 20.

ಈ ಸೂತ್ರದ ಮೂಲ ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಅವರಿಗೆ ಬೇಕಿದ್ದುದು ಜನಸಮುದಾಯದ ಸರಾಸರಿ. ಒಬ್ಬೊಬ್ಬರ ಆರೋಗ್ಯದ ತೀರ್ಪಲ್ಲ. ಭಾರತೀಯ ವಯಸ್ಕರಲ್ಲಿ 18.5ರಿಂದ 22.9 ಸಹಜ, 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎನ್ನುತ್ತೇವೆ. ಆದರೆ ಬೆಳೆಯುವ ಮಕ್ಕಳಿಗೆ ಈ ಅಳತೆಗೋಲು ಸಲ್ಲದು. ಅವರ ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ನೋಡಿ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಬೇಕು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 5ರಿಂದ 18 ವರ್ಷದವರಿಗಾಗಿ 2015ರಲ್ಲಿ ಇಂಥ ನಕ್ಷೆಗಳನ್ನು ಪ್ರಕಟಿಸಿದೆ. ಅದರ ಪ್ರಕಾರ ಹದಿನಾಲ್ಕರ ಈ ಹುಡುಗಿಯ ತೂಕ ಸಹಜವಾಗಿಯೇ ಇತ್ತು.

ಇನ್ನು ಕ್ಯಾಲೊರಿಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಅಂದಾಜಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400, ಹುಡುಗನಿಗೆ 2860 ಕ್ಯಾಲೊರಿ ಬೇಕು. ಹೆಚ್ಚು ಮೈಬಗ್ಗಿಸದೆ ಕೂತು ಕೆಲಸ ಮಾಡುವ ವಯಸ್ಕ ಮಹಿಳೆಗೆ ಸಾಕಾಗುವುದು 1660. ಅಂದರೆ ಮಗಳಿಗೆ ಬೇಕಾದದ್ದು ತಾಯಿಗಿಂತ ಹೆಚ್ಚು! ಇದು ಸರಾಸರಿ, ಮೈಕಟ್ಟು, ಆಟೋಟಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆದರೂ 1200 ಎಂದರೆ ಅರ್ಧ ಹೊಟ್ಟೆ. ಎತ್ತರ ಬೆಳೆಯುವ, ಮೂಳೆ ಗಟ್ಟಿಯಾಗುವ, ಮುಟ್ಟು ಕ್ರಮಕ್ಕೆ ಬರುವ ವಯಸ್ಸಿನಲ್ಲಿ ಹೀಗೆ ಉಪವಾಸ ಮಾಡಿದರೆ ರಕ್ತಹೀನತೆ, ಸುಸ್ತು, ಮುಟ್ಟಿನ ಏರುಪೇರು ಕಾಡಬಹುದು. ಪಾಠವೂ ತಲೆಗೆ ಹತ್ತದು.

ನಕ್ಷೆಯಲ್ಲಿ ತೂಕ ನಿಜಕ್ಕೂ ಹೆಚ್ಚೆಂದು ಕಂಡರೂ ಊಟ ಬಿಡಿಸಬೇಡಿ. ಬಾಟಲಿಯ ಸಿಹಿ ಪಾನೀಯ, ಚಿಪ್ಸ್, ಬೇಕರಿ ತಿನಿಸು ಕಡಿಮೆ ಮಾಡಿ. ದಿನಕ್ಕೊಂದು ಗಂಟೆ ಆಡಲು ಬಿಡಿ. ತೂಕ ಏರದೆ ನಿಂತರೆ, ಎತ್ತರ ಬೆಳೆದಂತೆ ಸೂಚ್ಯಂಕ ತಾನೇ ಇಳಿಯುತ್ತದೆ. ತಟ್ಟೆಯಲ್ಲಿ ಮುದ್ದೆಯೋ ಅನ್ನವೋ ಚಪಾತಿಯೋ ಇರಲಿ. ಜೊತೆಗೆ ಬೇಳೆ ಅಥವಾ ಕಾಳು, ಸೊಪ್ಪು, ಮಜ್ಜಿಗೆ ಇರಲಿ. ತುತ್ತು ತುತ್ತಿಗೂ ಕ್ಯಾಲೊರಿ ಎಣಿಸುವುದು ಬೇಡ. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಸಾಕು.

ಹೊರಡುವಾಗ ತಾಯಿ ಮೆಲ್ಲಗೆ ಹೇಳಿದರು: “ಮದುವೆ ಮನೆಯಲ್ಲಿ ಎಲ್ಲರೆದುರು ‘ಎಷ್ಟು ದಪ್ಪ ಆಗಿದ್ದೀಯೇ’ ಅಂದವಳು ನಾನೇ ಡಾಕ್ಟ್ರೇ.” ಪೋಷಕರೇ, ನಾವು ಹಗುರವಾಗಿ ಆಡಿದ ಮಾತನ್ನು ಮಕ್ಕಳು ಅಷ್ಟು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವಿದ್ಯಾರ್ಥಿಗಳೇ, ಲೆಕ್ಕ ಕಲಿಯಿರಿ. ಆದರೆ ದೊಡ್ಡವರ ಲೆಕ್ಕಕ್ಕೆ ನಿಮ್ಮ ಊಟ ಬಲಿಕೊಡಬೇಡಿ.