ಶೀರ್ಷಿಕೆ ನಿಮ್ಮದು, ನೋಟಿಸ್ ನಮ್ಮದೇ?

ಪತ್ರಿಕೆ ಹಾಗೂ ಸುದ್ದಿವಾಹಿನಿಗಳ ಸಂಪಾದಕರಿಗೆ, ಆಡಳಿತ ಮಂಡಳಿಗಳಿಗೆ ಬಹಿರಂಗ ಪತ್ರ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ದಿನವೂ ನಿಮಗೆ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರರಲ್ಲಿ ನಾನೂ ಒಬ್ಬ. ಸಂಭಾವನೆಯ ದೂರು ಇನ್ನೊಮ್ಮೆ ಇರಲಿ. ಇದು ಮಾನನಷ್ಟದ ನೋಟಿಸಿನ ವಿಷಯ.

ಗ್ರಾಮ ಪಂಚಾಯಿತಿಯೊಂದರ ಸಭೆಯಲ್ಲಿ ನರೇಗಾ ಬಿಲ್ ಬಗ್ಗೆ ಸದಸ್ಯರು ತಕರಾರು ತೆಗೆದರು. ನಡಾವಳಿ ನೋಡಿಕೊಂಡು ‘ನರೇಗಾ ಬಿಲ್: ಲೆಕ್ಕ ಕೇಳಿದ ಸದಸ್ಯರು’ ಎಂದು ನಿಮ್ಮಲ್ಲೊಬ್ಬರಿಗೆ ಕಳಿಸಿದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ, ‘ನರೇಗಾ ಹಣ ಗುಳುಂ!’ ಅಧ್ಯಕ್ಷರ ಹೇಳಿಕೆಯನ್ನು ಕೊನೆಯ ಪ್ಯಾರಾದಲ್ಲಿ ಕೊಟ್ಟಿದ್ದೆ. ಜಾಗ ಸಾಲದೆ ಡೆಸ್ಕಿನವರು ಅದಕ್ಕೇ ಕತ್ತರಿ ಹಾಕಿದ್ದರು. ವಕೀಲರ ನೋಟಿಸ್ ಬಂದದ್ದು ನನ್ನ ಮನೆಗೆ. ಕಚೇರಿಗೆ ಫೋನ್ ಮಾಡಿದರೆ, ‘ನೀವು ಕಾಯಂ ನೌಕರರಲ್ಲ, ಅಲ್ಲೇ ಮಾತಾಡಿ ಮುಗಿಸಿಕೊಳ್ಳಿ’ ಎಂದರು. ಸ್ವಾತಂತ್ರ್ಯ ದಿನದ ಪುರವಣಿಗೆ ಅದೇ ಅಧ್ಯಕ್ಷರಿಂದ ಜಾಹೀರಾತು ತರುವಾಗ ಮಾತ್ರ ನಾನು ನಿಮ್ಮವನು.

ಕೇಂದ್ರ ಕಚೇರಿಗೆ ಕಾನೂನು ಸಲಹೆಗಾರರಿದ್ದಾರೆ. ಬೆಂಗಳೂರಿನ ಹರಾಜು ಸಂಸ್ಥೆ ಬಿಡ್ ಅಂಡ್ ಹ್ಯಾಮರ್ 2014ರ ವರದಿಗಳ ಮೇಲೆ ಹೂಡಿದ ಮೊಕದ್ದಮೆಯನ್ನು ಟೈಮ್ಸ್ ಬಳಗದ ಪತ್ರಕರ್ತರು ಸುಪ್ರೀಂ ಕೋರ್ಟ್‌ವರೆಗೆ ಒಯ್ದು, 2025ರ ಫೆಬ್ರುವರಿಯಲ್ಲಿ ರದ್ದು ಮಾಡಿಸಿಕೊಂಡರು. ಪಾವಗಡದ ವರದಿಗಾರನಿಗೆ ಬೆಂಗಳೂರಿನಲ್ಲಿ ಒಂದು ವಾಯಿದೆ ಬಿದ್ದರೆ ಇಡೀ ದಿನ ಹೋಯಿತು, ಬಸ್ ಚಾರ್ಜು ಬೇರೆ.

ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಆಗಬಹುದು. ಬರೆದದ್ದು ನಿಜ ಎಂದರಷ್ಟೇ ಅಲ್ಲಿ ಸಾಲದು, ಸಾರ್ವಜನಿಕ ಹಿತಕ್ಕೆ ಬರೆದದ್ದು ಎಂದೂ ತೋರಿಸಬೇಕು. ‘ಎನ್ನಲಾಗಿದೆ’ ಸೇರಿಸಿಬಿಟ್ಟರೆ ಬಚಾವ್ ಎಂದು ನಂಬಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೇರೆಯವರ ಸುಳ್ಳನ್ನು ಅಚ್ಚು ಹಾಕಿದವನ ಮೇಲೂ ಕೇಸು ನಿಲ್ಲುತ್ತದೆ. ಇನ್ನು, ಇದು ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವ ಪ್ರಕರಣವಲ್ಲ, ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಅದು ಗೊತ್ತಿಲ್ಲದೆ, ಠಾಣೆಯಿಂದ ಫೋನ್ ಬಂದ ಕೂಡಲೇ ಕ್ಷಮಾಪಣೆ ಬರೆದುಕೊಟ್ಟವರಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಆರೋಪಿಗೆ ಮಾತಾಡಲು ಅವಕಾಶ ಕೊಡದೆ ಅಂಥ ದೂರನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ. ಇದನ್ನೆಲ್ಲ ನನಗೆ ಹೇಳಿದವರು ನೀವಲ್ಲ. ಮಧುಗಿರಿ ಕೋರ್ಟಿನ ಬಳಿ ಟೀ ಕುಡಿಸಿದ ಕಿರಿಯ ವಕೀಲರೊಬ್ಬರು.

ಹೀಗಾದರೆ ಯಾರು ಬರೆಯುತ್ತಾರೆ? ಪಾವಗಡ ತಾಲ್ಲೂಕು ತಿರುಮಣಿಯ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಗಿದೆ. ಅಲ್ಲಿನ ರೈತನೊಬ್ಬ ನಾಳೆ ಕಾಗದಪತ್ರ ಹಿಡಿದು ಬಂದರೆ ನಮಗೆ ಮೊದಲು ನೆನಪಾಗುವುದು ನೋಟಿಸ್. ಕಾಗದ ಮಡಿಸಿ ಜೇಬಿಗಿಟ್ಟು, ಶಾಲಾ ವಾರ್ಷಿಕೋತ್ಸವದ ಸುದ್ದಿ ಕಳಿಸುತ್ತೇವೆ.

ಆರೋಪದ ಸುದ್ದಿಯಾದರೆ ಅಚ್ಚಿಗೆ ಮೊದಲೇ ನಿಮ್ಮ ವಕೀಲರನ್ನು ಕೇಳಲು ನಮಗೂ ಒಂದು ನಂಬರ್ ಕೊಡಿ. ಶೀರ್ಷಿಕೆ ಬದಲಿಸಿದರೆ ವಾಟ್ಸ್ಆ್ಯಪ್‌ನಲ್ಲಿ ತೋರಿಸಿ, ಎದುರು ಪಕ್ಷದ ಹೇಳಿಕೆಗೆ ಕತ್ತರಿ ಹಾಕಬೇಡಿ. ನೀವು ಅಚ್ಚು ಹಾಕಿದ ಸುದ್ದಿಗೆ ಕೇಸು ಬಿದ್ದರೆ ಖರ್ಚು ಸಂಸ್ಥೆಯದೇ ಎಂದು ಬರವಣಿಗೆಯಲ್ಲಿ ಕೊಡಿ, ಬಾಯಿಮಾತು ಬೇಡ.

ನನಗೆ ಬಂದ ನೋಟಿಸಿಗೆ ನಿಮ್ಮ ಕಡೆಯಿಂದ ಇನ್ನೂ ಉತ್ತರ ಹೋಗಿಲ್ಲ.

ಇತಿ,
ಒಬ್ಬ ಅರೆಕಾಲಿಕ ವರದಿಗಾರ, ಮಧುಗಿರಿ